ಪುಣ್ಯಕೋಟಿ ಮರಳಿ ಹೋಗಬೇಕಿತ್ತೆ?

ಗೋವಿನ ಹಾಡನ್ನು ಕೇಳದೆ ಬೆಳೆದ ಕನ್ನಡಿಗರು ಕಡಿಮೆ. ಹುಲಿಗೆ ಸಿಕ್ಕಿಬಿದ್ದ ಪುಣ್ಯಕೋಟಿ ಎಂಬ ಹಸು ಕರುವಿಗೆ ಹಾಲೂಡಿಸಿ ಬರುತ್ತೇನೆಂದು ಮಾತು ಕೊಡುತ್ತದೆ, ಕರುವನ್ನು ಬಳಗದ ಕೈಗೊಪ್ಪಿಸಿ ಹೇಳಿದಂತೆಯೇ ಮರಳುತ್ತದೆ, ಅದರ ಸತ್ಯಕ್ಕೆ ಕರಗಿದ ಹುಲಿ ತಾನೇ ಪ್ರಾಣ ಬಿಡುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಈ ಪಾಠದ ಕೊನೆಗೆ ಒಂದು ನೀತಿ ಹೇಳಿಕೊಡುತ್ತಾರೆ: ಕೊಟ್ಟ ಮಾತಿಗೆ ತಪ್ಪಬಾರದು. ಎಂಟು ವರ್ಷದ ಮಗುವಿಗೆ ಅಷ್ಟು ಸಾಕು. ಹದಿನೆಂಟು ತುಂಬಿ ಮತ ಹಾಕಲು ಹೊರಟ ಪದವಿ ವಿದ್ಯಾರ್ಥಿಗೂ ಅಷ್ಟೇ ಸಾಕು ಎಂಬಂತೆ ನಮ್ಮ ಕಾಲೇಜುಗಳು ನಡೆದುಕೊಂಡು ಬಂದಿವೆ, ನನ್ನ ತಕರಾರು ಇರುವುದು ಇಲ್ಲಿ. ಕೊಲ್ಲುತ್ತೇನೆಂದು ಬೆದರಿಸಿದವನಿಗೆ ಕೊಟ್ಟ ಮಾತೂ ಮಾತೇ? ಹಾಲು ಬಿಡದ ಕರುವಿನ ಮೇಲೆ ತಾಯಿಗಿರುವ ಹೊಣೆ ದೊಡ್ಡದೋ, ಹುಲಿಗೆ ಆಡಿದ ಮಾತು ದೊಡ್ಡದೋ? ಹುಲಿಯ ಹಸಿವಿಗೂ ಒಂದು ನ್ಯಾಯವಿದೆಯಲ್ಲ, ಅದನ್ನು ಎಲ್ಲಿ ಇಡೋಣ? ಈ ಪ್ರಶ್ನೆಗಳನ್ನು ಕೇಳುವುದರಿಂದ ಪುಣ್ಯಕೋಟಿಗೆ ಅಗೌರವವಾಗುವುದಿಲ್ಲ. ಅವುಗಳಿಗೆ ಕಾರಣ ಸಹಿತ ಉತ್ತರ ಕಟ್ಟುವುದಕ್ಕೆ ನೀತಿಶಾಸ್ತ್ರ ಎಂಬ ಹೆಸರಿದೆ. ಅದೇ ಪ್ರಶ್ನೆಗಳನ್ನು ರಾಜ್ಯ, ಕಾನೂನು, ತೆರಿಗೆ, ಮೀಸಲಾತಿಗಳ ಬಗ್ಗೆ ಕೇಳಿದರೆ ಅದು ರಾಜಕೀಯ ತತ್ತ್ವಶಾಸ್ತ್ರ. ಇವೆರಡರ ಪ್ರವೇಶ ಮಟ್ಟದ ಒಂದು ಪತ್ರಿಕೆ ವಿಜ್ಞಾನ, ವಾಣಿಜ್ಯ, ಕಲೆ ಎನ್ನದೆ ಪದವಿಯ ಮೊದಲ ವರ್ಷದಲ್ಲೇ, ಕನ್ನಡದಲ್ಲಿ, ಎಲ್ಲರಿಗೂ ಇರಬೇಕು ಎಂಬುದು ನನ್ನ ವಾದ.

ಇಂಗ್ಲೆಂಡಿನ ಥಾಮಸ್ ಹಾಬ್ಸ್ 1651ರಲ್ಲಿ ಹೊರತಂದ ‘ಲೆವಿಯಾಥನ್’ ಕೃತಿಯಲ್ಲಿ ಪುಣ್ಯಕೋಟಿಯ ಪ್ರಶ್ನೆಯೇ ಇದೆ, ಹಸು ಹುಲಿ ಇಲ್ಲ ಅಷ್ಟೆ. ಕಳ್ಳನೊಬ್ಬನ ಕೈಯಿಂದ ಪ್ರಾಣ ಉಳಿಸಿಕೊಳ್ಳಲು ಹಣ ಕೊಡುವುದಾಗಿ ಮಾತು ಕೊಟ್ಟಿದ್ದರೆ, ಕಾನೂನು ಬಿಡುಗಡೆ ಕೊಡುವವರೆಗೆ ಆ ಮಾತಿಗೆ ನಾನು ಬದ್ಧ ಎಂದು ಅವನು ಬರೆದ. ಓದಿದ ಕೂಡಲೇ ವಿಚಿತ್ರ ಅನಿಸುತ್ತದೆ. ಆದರೆ ಹಾಬ್ಸ್‌ನ ದೃಷ್ಟಿಯಲ್ಲಿ ರಾಜ್ಯವೆಂಬುದೇ ಭಯಪಟ್ಟ ಜನ ಮಾಡಿಕೊಂಡ ಒಪ್ಪಂದ. ಭಯದಲ್ಲಿ ಆಡಿದ ಮಾತಿಗೆ ಬೆಲೆಯಿಲ್ಲ ಎಂದುಬಿಟ್ಟರೆ ಅವನ ಇಡೀ ಕಟ್ಟಡ ಕುಸಿಯುತ್ತದೆ. ಸುಮಾರು ನಾಲ್ಕು ದಶಕಗಳ ನಂತರ ಜಾನ್ ಲಾಕ್ ನೇರ ವಿರುದ್ಧ ದಿಕ್ಕಿನಲ್ಲಿ ನಡೆದ. ಮನೆಗೆ ನುಗ್ಗಿ ಕುತ್ತಿಗೆಗೆ ಕಠಾರಿ ಹಿಡಿದವನು ಬರೆಸಿಕೊಂಡ ಪತ್ರದಿಂದ ಅವನಿಗೆ ಯಾವ ಹಕ್ಕೂ ಹುಟ್ಟುವುದಿಲ್ಲ. ಅವನಿಗೆ ಹುಟ್ಟದ ಹಕ್ಕು ದಂಡು ಕಟ್ಟಿಕೊಂಡು ಬಂದು ನಾಡು ಗೆದ್ದ ದೊರೆಗೂ ಹುಟ್ಟುವುದಿಲ್ಲ ಎಂದ. ಒಂದೇ ಪ್ರಶ್ನೆಗೆ ಎರಡು ಉತ್ತರ, ಒಂದೊಂದು ಉತ್ತರದ ಹಿಂದೆಯೂ ರಾಜ್ಯದ ಬಗ್ಗೆ ಒಂದೊಂದು ಕಲ್ಪನೆ. ಇಬ್ಬರಲ್ಲಿ ಯಾರು ಸರಿ ಎಂದು ವಿದ್ಯಾರ್ಥಿ ಬಾಯಿಪಾಠ ಮಾಡಬೇಕಿಲ್ಲ. ಒಬ್ಬನ ಪರ ನಿಂತು ಇನ್ನೊಬ್ಬನಿಗೆ ಉತ್ತರ ಕೊಡಲು ಕಲಿತರೆ ಆಯಿತು.

ಹಾಬ್ಸ್ ಯಾರೋ, ಲಾಕ್ ಯಾರೋ, ಮಂಡ್ಯದ ಹುಡುಗನಿಗೆ ಅವರಿಂದ ಏನಾಗಬೇಕು ಎನ್ನುವವರು ಕಾವೇರಿ ವಿವಾದದ ಕಡತಗಳನ್ನು ನೋಡಬೇಕು. 1892 ಮತ್ತು 1924ರ ಒಪ್ಪಂದಗಳಿಗೆ ಸಹಿ ಹಾಕಿದಾಗ ಮೈಸೂರು ಬ್ರಿಟಿಷರ ಅಧೀನದ ಸಂಸ್ಥಾನ, ಎದುರಿಗೆ ಕೂತಿದ್ದದ್ದು ಬ್ರಿಟಿಷರದೇ ಮದ್ರಾಸ್ ಪ್ರೆಸಿಡೆನ್ಸಿ. ಸರಿಸಮರಲ್ಲದವರ ನಡುವೆ ಆದ ಒಪ್ಪಂದ ನಮ್ಮನ್ನು ಕಟ್ಟಿಹಾಕಕೂಡದು ಎಂದು ಕರ್ನಾಟಕ ವಾದಿಸಿತು. ಇದು ಹೆಚ್ಚುಕಡಿಮೆ ಲಾಕ್‌ನ ವಾದ. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಅದನ್ನು ಒಪ್ಪಲಿಲ್ಲ. ಸಂವಿಧಾನ ಜಾರಿಗೆ ಬಂದ ಮೇಲೆ ಒಪ್ಪಂದವನ್ನು ಪ್ರಶ್ನಿಸುವ ಅವಕಾಶವಿದ್ದೂ ಸುಮ್ಮನಿದ್ದಿರಲ್ಲ ಎಂದು ಕೇಳಿತು. ಅದೇ ಉಸಿರಿನಲ್ಲಿ 1924ರ ಒಪ್ಪಂದ ಐವತ್ತು ವರ್ಷ ತುಂಬಿ 1974ಕ್ಕೆ ಮುಗಿದಿದೆ ಎಂದೂ ಹೇಳಿತು. ಬೆಂಗಳೂರಿನ ಕುಡಿಯುವ ನೀರಿನ ಅಗತ್ಯವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕಾವೇರಿ ನ್ಯಾಯಮಂಡಳಿ 2007ರಲ್ಲಿ ಕರ್ನಾಟಕಕ್ಕೆ ಗೊತ್ತುಮಾಡಿದ್ದ 270 ಟಿಎಂಸಿ ಅಡಿ ಪಾಲನ್ನು 284.75ಕ್ಕೆ ಏರಿಸಿತು. ಕೊಟ್ಟ ಮಾತು, ಹಿಂದಿನಿಂದ ಬಂದ ಬಳಕೆ, ಇವತ್ತಿನ ಅಗತ್ಯ ಎಂಬ ಮೂರು ಬೇರೆ ಬೇರೆ ನ್ಯಾಯಗಳು ಒಂದೇ ನದಿಯಲ್ಲಿ ಹರಿದದ್ದು ಹೀಗೆ. ಮಕ್ಕಳಿಗೆ ಪುಣ್ಯಕೋಟಿಯ ನೀತಿ ಕಲಿಸಿದ ನಾವು ನ್ಯಾಯಾಲಯದಲ್ಲಿ ಅದರ ವಿರುದ್ಧದ ನೀತಿಯನ್ನು ಹಿಡಿದೆವು. ಇದನ್ನು ಬೂಟಾಟಿಕೆ ಎಂದು ತಳ್ಳಿಹಾಕುವ ಆತುರ ಬೇಡ. ತನ್ನ ಜೀವವನ್ನೇ ಪಣವಿಟ್ಟು ಒಬ್ಬಳು ಕೊಡುವ ಮಾತಿಗೂ, ಇನ್ನೂ ಹುಟ್ಟದ ರೈತರ ನೀರನ್ನು ಪಣವಿಟ್ಟು ಸರ್ಕಾರವೊಂದು ಕೊಡುವ ಮಾತಿಗೂ ವ್ಯತ್ಯಾಸ ಇರಬಹುದು. ಆ ವ್ಯತ್ಯಾಸ ಏನೆಂದು ನಾಲ್ಕು ಪುಟ ಬರೆಯಬಲ್ಲವನಿಗೆ, ಟಯರು ಸುಡುವುದಕ್ಕಿಂತ ದೊಡ್ಡ ಕೆಲಸವೊಂದನ್ನು ನಾಡಿಗಾಗಿ ಮಾಡಲು ಬರುತ್ತದೆ. ತಂಜಾವೂರಿನ ರೈತನ ಪರವಾಗಿಯೂ ಅಷ್ಟೇ ಪ್ರಾಮಾಣಿಕವಾಗಿ ನಾಲ್ಕು ಪುಟ ಬರೆಸುವ ಅಧ್ಯಾಪಕ ಸಿಕ್ಕರೆ ಇನ್ನೂ ಒಳ್ಳೆಯದು. ನಮ್ಮ ವಕೀಲರು ಯಾವ ವಾದವನ್ನು ಎದುರಿಸಬೇಕೆಂದು ಆಗ ತಿಳಿಯುತ್ತದೆ.

ಈಗ ಇಂಥದ್ದು ನಡೆಯುತ್ತಿಲ್ಲವೇ ಎಂದರೆ, ಹತ್ತಿರದ್ದು ನಡೆಯುತ್ತದೆ. ಪದವಿಯಲ್ಲಿ ಸಂವಿಧಾನವನ್ನು ಕಡ್ಡಾಯವಾಗಿ ಓದಿಸುತ್ತೇವೆ, ಒಳ್ಳೆಯದೇ. ಆದರೆ 14ನೇ ವಿಧಿ ಸಮಾನತೆ ಕೊಟ್ಟಿದೆ ಎಂದು ತಿಳಿಯುವುದು ಬೇರೆ, ಮನುಷ್ಯರೆಲ್ಲ ಯಾವ ಅರ್ಥದಲ್ಲಿ ಸಮಾನರು ಎಂದು ಯೋಚಿಸುವುದು ಬೇರೆ. ಮೊದಲನೆಯದಕ್ಕೆ ಎರಡು ಅಂಕದ ಪ್ರಶ್ನೆ ಸಾಕು. ಮೌಲ್ಯಶಿಕ್ಷಣದ ಹೆಸರಿನಲ್ಲಿ ನಡೆಯುವ ತರಗತಿಗಳ ಹಣೆಬರಹವೂ ಹೀಗೆಯೇ: ಸತ್ಯ, ಸಹನೆ, ಶಿಸ್ತು ಎಂದು ಪಟ್ಟಿ ಬರೆಸುತ್ತಾರೆ, ಸತ್ಯವೂ ಸಹನೆಯೂ ಎದುರುಬದುರಾದಾಗ ಏನು ಮಾಡಬೇಕೆಂದು ಯಾರೂ ಕೇಳುವುದಿಲ್ಲ. ಕೇಂದ್ರ ಲೋಕಸೇವಾ ಆಯೋಗವು 2013ರಿಂದ ಮುಖ್ಯ ಪರೀಕ್ಷೆಯಲ್ಲಿ ನೀತಿಶಾಸ್ತ್ರಕ್ಕೆ 250 ಅಂಕಗಳ ಪತ್ರಿಕೆ ಇಟ್ಟಿತು. ಉದ್ದೇಶ ಒಳ್ಳೆಯದಿತ್ತು. ಬೆಂಗಳೂರಿನ ವಿಜಯನಗರದ ಕೋಚಿಂಗ್ ಕೇಂದ್ರಗಳು ಅದನ್ನೂ ನೋಟ್ಸ್ ಮಾಡಿ ಮುಗಿಸಿದವು. ಪ್ರಾಮಾಣಿಕತೆಗೆ ಒಂದು ವ್ಯಾಖ್ಯೆ, ಒಬ್ಬ ಮಹಾತ್ಮರ ಮಾತು, ಒಂದು ರೇಖಾಚಿತ್ರ. ಇಪ್ಪತ್ತೈದನೇ ವಯಸ್ಸಿನಲ್ಲಿ ಅಂಕಕ್ಕಾಗಿ ಓದುವ ವಿಷಯವನ್ನು ಹದಿನೆಂಟರಲ್ಲಿ ಅರ್ಥಕ್ಕಾಗಿ ಓದಿದ್ದರೆ ಈ ಗತಿ ಬರುತ್ತಿರಲಿಲ್ಲ.

ಇದೆಲ್ಲ ಪಶ್ಚಿಮದ ಸರಕು, ನಮ್ಮದು ಶ್ರದ್ಧೆಯ ಪರಂಪರೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಈ ಮಾತು ನಮ್ಮ ಪರಂಪರೆಗೆ ಮಾಡುವ ಅನ್ಯಾಯ ಸಣ್ಣದಲ್ಲ. ರಾಘವಾಂಕನ ಹರಿಶ್ಚಂದ್ರ ಸತ್ಯಕ್ಕಾಗಿ ರಾಜ್ಯ, ಹೆಂಡತಿ, ಮಗ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ, ಕಾವ್ಯ ಅವನನ್ನು ಎತ್ತಿಹಿಡಿಯುತ್ತದೆ. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವ ಕೌಶಿಕನ ಕತೆ ತೆಗೆದುಕೊಳ್ಳಿ. ಸುಳ್ಳಾಡುವುದಿಲ್ಲವೆಂದು ವ್ರತ ಹಿಡಿದ ಈ ತಪಸ್ವಿ, ಅಟ್ಟಿಸಿಕೊಂಡು ಬಂದ ದರೋಡೆಕೋರರು ಕೇಳಿದಾಗ, ತಪ್ಪಿಸಿಕೊಂಡವರು ಅಡಗಿರುವ ಜಾಗವನ್ನು ನಿಜವಾಗಿಯೇ ತೋರಿಸುತ್ತಾನೆ. ಅವರು ಸಾಯುತ್ತಾರೆ, ಇವನು ನರಕಕ್ಕೆ ಹೋಗುತ್ತಾನೆ. ಜರ್ಮನಿಯ ಇಮ್ಯಾನುಯೆಲ್ ಕಾಂಟ್ 1797ರಲ್ಲಿ ಒಂದು ಸಣ್ಣ ಪ್ರಬಂಧ ಬರೆದ. ಕೊಲೆಗಾರನೊಬ್ಬ ಬಾಗಿಲಿಗೆ ಬಂದು ನಿಮ್ಮ ಸ್ನೇಹಿತ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳು ಹೇಳುವ ಹಕ್ಕು ನಿಮಗಿಲ್ಲ ಎಂಬುದು ಅದರ ತಿರುಳು. ಕಾಂಟ್ ಕೌಶಿಕನ ಪಕ್ಷ, ಮಹಾಭಾರತ ಎದುರು ಪಕ್ಷ. ಕೃಷ್ಣ ಈ ಕತೆ ಹೇಳಿದ ಗಳಿಗೆಯಲ್ಲಿ ಅರ್ಜುನನೂ ಪ್ರತಿಜ್ಞೆಯೊಂದರ ಉರುಳಿಗೆ ಸಿಕ್ಕಿದ್ದ: ಗಾಂಡೀವವನ್ನು ಹಳಿದವನನ್ನು ಕೊಲ್ಲುತ್ತೇನೆಂದು ಅವನ ವ್ರತ, ಹಳಿದವನು ಸ್ವಂತ ಅಣ್ಣ. ಸತ್ಯವೆಂದರೆ ಆಡಿದ ಮಾತಿಗೆ ಅಂಟಿಕೊಳ್ಳುವುದಷ್ಟೇ ಎಂದು ನಮ್ಮ ಹಿರಿಯರು ಎಂದೂ ಕಣ್ಣುಮುಚ್ಚಿ ಒಪ್ಪಿರಲಿಲ್ಲ, ಅವರಲ್ಲೇ ಜಗಳವಿತ್ತು. ಪುಣ್ಯಕೋಟಿ, ಹರಿಶ್ಚಂದ್ರ, ಕೌಶಿಕ ಮೂವರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಕಾಂಟ್‌ನನ್ನು ಎದುರಿಗೆ ಕರೆಯುವ ತರಗತಿಯಲ್ಲಿ ಪೂರ್ವ ಪಶ್ಚಿಮದ ಗೋಡೆ ಎರಡನೇ ವಾರಕ್ಕೆ ಬೀಳುತ್ತದೆ.

ರಾಜಕೀಯ ತತ್ತ್ವದ ಭಾಗಕ್ಕೆ ಬಂದರೆ, ಮೈಸೂರಿನಲ್ಲೇ ಒಂದು ಅಮೂಲ್ಯ ಪಾಠವಿದೆ. ಆಡಳಿತದ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ತಕ್ಕ ಪ್ರಾತಿನಿಧ್ಯ ಕೊಡುವ ಬಗೆ ಯಾವುದೆಂದು ಪರಿಶೀಲಿಸಲು 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ, ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರ ಸಮುದಾಯಗಳಿಗೆ ಸಿಗಬೇಕೆಂಬ ಗುರಿಯನ್ನು ಅದು ಮುಂದಿಟ್ಟಿತು. ದಿವಾನ್ ವಿಶ್ವೇಶ್ವರಯ್ಯನವರು ಇದನ್ನು ಒಪ್ಪಲಿಲ್ಲ. ಅರ್ಹತೆಯನ್ನು ಬದಿಗಿಟ್ಟರೆ ಆಡಳಿತದ ದಕ್ಷತೆ ಕುಸಿಯುತ್ತದೆ, ಹಿಂದುಳಿದವರಿಗೆ ಶಿಕ್ಷಣ ಮತ್ತು ವಿದ್ಯಾರ್ಥಿವೇತನ ಕೊಟ್ಟು ಮೇಲೆತ್ತಬೇಕು ಎಂಬುದು ಅವರ ನಿಲುವು. ಅವರು ಹುದ್ದೆ ಬಿಟ್ಟದ್ದಕ್ಕೂ ಈ ಭಿನ್ನಾಭಿಪ್ರಾಯಕ್ಕೂ ಸಂಬಂಧವಿತ್ತು. ಅದೇ 1918ರಲ್ಲಿ ಸರ್ವೆಪಲ್ಲಿ ರಾಧಾಕೃಷ್ಣನ್ ಮೈಸೂರಿನ ಮಹಾರಾಜ ಕಾಲೇಜಿಗೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ನ್ಯಾಯವೆಂದರೇನು ಎಂಬ ದೊಡ್ಡ ಪ್ರಶ್ನೆ ಊರಿನಲ್ಲೂ ಇತ್ತು, ತರಗತಿಯಲ್ಲೂ ಇತ್ತು. ಎರಡನ್ನೂ ಒಂದೇ ಪ್ರಶ್ನೆಯೆಂದು ಓದಿಸುವ ಪದ್ಧತಿ ನಮ್ಮಲ್ಲಿ ಬೆಳೆಯದೇ ಹೋಯಿತು ಎಂಬುದು ನನ್ನ ಮಟ್ಟಿಗೆ ಕರ್ನಾಟಕದ ಉನ್ನತ ಶಿಕ್ಷಣದ ಒಂದು ದೊಡ್ಡ ನಷ್ಟ.

ನೂರು ವರ್ಷ ಕಳೆದರೂ ಮೀಸಲಾತಿಯ ಬಗ್ಗೆ ನಮ್ಮ ಟಿವಿ ಚರ್ಚೆಗಳು ಮಿಲ್ಲರ್ ಸಮಿತಿಯ ಕಾಲದ ಎರಡು ಘೋಷಣೆಗಳನ್ನು ದಾಟಿಲ್ಲ. ಪ್ರವೇಶ ಮಟ್ಟದ ಒಂದು ಪಠ್ಯ ಇಲ್ಲಿ ಏನು ಮಾಡಬಹುದು ನೋಡಿ. ಅರ್ಹತೆ ಎಂಬ ಪದವನ್ನು ಅದು ಬಿಡಿಸುತ್ತದೆ. ಪ್ರತಿಭೆ, ಪರಿಶ್ರಮ, ಮನೆಯಲ್ಲಿ ಸಿಕ್ಕ ಪುಸ್ತಕ, ಹುಟ್ಟಿದ ಕೇರಿ ಇವು ಯಾವ ಪ್ರಮಾಣದಲ್ಲಿ ಕೂಡಿ ಪರೀಕ್ಷೆಯ ಅಂಕವಾಗುತ್ತವೆ? ಹುಟ್ಟಿನಿಂದ ಬಂದ ಪ್ರತಿಭೆಯನ್ನೂ ನಾವು ಸಂಪಾದಿಸಿಲ್ಲ, ಆದ್ದರಿಂದ ಅದರ ಫಲವೆಲ್ಲ ನಮ್ಮದೇ ಎನ್ನುವಂತಿಲ್ಲ ಎಂದು ಜಾನ್ ರಾಲ್ಸ್ 1971ರಲ್ಲಿ ಬರೆದರು. ಅವರದೇ ಹಾರ್ವರ್ಡ್ ವಿಭಾಗದ ರಾಬರ್ಟ್ ನೋಜಿಕ್ 1974ರಲ್ಲಿ ಉತ್ತರ ಕೊಟ್ಟರು: ಪ್ರತಿಭೆ ಸಂಪಾದಿಸಿದ್ದಲ್ಲದಿದ್ದರೂ ಅದು ನನ್ನದೇ, ಅದರ ಫಲವನ್ನು ಹಂಚಲು ನೀವು ಯಾರು? ಇವರಿಬ್ಬರಿಗೂ ಎಷ್ಟೋ ಮೊದಲೇ, 1936ರ ‘ಜಾತಿ ವಿನಾಶ’ದಲ್ಲಿ ಅಂಬೇಡ್ಕರ್ ಮನುಷ್ಯರು ಸಮಾನರಲ್ಲ ಎಂಬ ಆಕ್ಷೇಪವನ್ನೇ ಎತ್ತಿಕೊಂಡು, ಒಂದು ಹಂತದವರೆಗೆ ಅದನ್ನು ಒಪ್ಪಿ, ಆದರೂ ಸಮಾನವಾಗಿ ನಡೆಸಿಕೊಳ್ಳುವುದು ಏಕೆ ಅಗತ್ಯ ಎಂದು ವಾದ ಕಟ್ಟಿದ್ದರು. ಇದನ್ನು ಓದಿದ ವಿದ್ಯಾರ್ಥಿ ಮೀಸಲಾತಿಯ ಪರವೂ ನಿಲ್ಲಬಹುದು, ವಿರುದ್ಧವೂ ನಿಲ್ಲಬಹುದು. ಆದರೆ ಮೈಸೂರು ರಾಜ್ಯ ಶೇ 68ರಷ್ಟು ಸೀಟುಗಳನ್ನು ಕಾಯ್ದಿರಿಸಿದಾಗ 1962ರ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿ ಶೇ 50ರ ಒಳಗಿರಬೇಕು ಎಂದದ್ದು ಯಾವ ತತ್ತ್ವದ ಮೇಲೆ ಎಂದು ಅವನು ಕೇಳುತ್ತಾನೆ. ಐವತ್ತು ಎಂಬ ಅಂಕಿ ಎಲ್ಲಿಂದ ಬಂತು? ತತ್ತ್ವದಿಂದಲೋ, ರಾಜಿಯಿಂದಲೋ? ನನ್ನ ಉತ್ತರ ರಾಜಿಯಿಂದ ಎಂದು. ಇದನ್ನು ಒಪ್ಪದ ಓದುಗರು ಕಾರಣ ಕೊಡಲು ಹೊರಟರೆ, ಆ ಪತ್ರಿಕೆಯ ಮೊದಲ ಪಾಠ ಶುರುವಾಯಿತೆಂದೇ ಅರ್ಥ.

ಎಲ್ಲದಕ್ಕೂ ಎರಡು ಪಕ್ಷ ತೋರಿಸಿದರೆ ಹುಡುಗರು ಯಾವುದರಲ್ಲೂ ನಂಬಿಕೆಯಿಲ್ಲದ ಹರಟೆಮಲ್ಲರಾಗುತ್ತಾರೆ ಎಂಬ ಆತಂಕ ಹಳೆಯದು. ಯುವಕರ ಕೈಗೆ ತರ್ಕ ಬೇಗ ಸಿಕ್ಕರೆ ನಾಯಿಮರಿಗಳಂತೆ ಸಿಕ್ಕಿದ್ದನ್ನೆಲ್ಲ ಹರಿದುಹಾಕುತ್ತಾರೆ ಎಂದು ಪ್ಲೇಟೋವೇ ಹೆದರಿದ್ದ. ಈ ಆಕ್ಷೇಪವನ್ನು ಹಗುರಾಗಿ ತಳ್ಳಲಾರೆ. ಅದಕ್ಕಿಂತ ಮುಜುಗರದ ಸಂಗತಿಯೂ ಇದೆ: ಅಮೆರಿಕದ ಎರಿಕ್ ಶ್ವಿಟ್ಸ್‌ಗೆಬೆಲ್ ಮತ್ತು ಸಂಗಡಿಗರು ನೀತಿಶಾಸ್ತ್ರದ ಪ್ರಾಧ್ಯಾಪಕರ ನಡತೆಯನ್ನು ಅಳೆದು ನೋಡಿದಾಗ, ಅವರು ಉಳಿದ ಪ್ರಾಧ್ಯಾಪಕರಿಗಿಂತ ಒಟ್ಟಾರೆ ಮೇಲಾಗಿಯೇನೂ ಕಾಣಲಿಲ್ಲ. ನೀತಿ ಬಲ್ಲವರೆಲ್ಲ ನೀತಿವಂತರಲ್ಲ ಎಂದು ನಮ್ಮ ಹಳ್ಳಿಯ ಹಿರಿಯರಿಗೆ ಸಂಶೋಧನೆಯಿಲ್ಲದೆಯೂ ಗೊತ್ತಿತ್ತು. ಆದರೆ ಅದೇ ಶ್ವಿಟ್ಸ್‌ಗೆಬೆಲ್ ಇನ್ನಿಬ್ಬರ ಜೊತೆ 2020ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಬೇರೆ ಸುದ್ದಿ ಹೇಳುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಆವರಣದಲ್ಲಿ ತತ್ತ್ವಶಾಸ್ತ್ರದ ತರಗತಿಗಳ 1,332 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾಂಸಾಹಾರದ ನೈತಿಕತೆಯ ಬಗ್ಗೆ, ಇನ್ನೊಂದಕ್ಕೆ ದಾನದ ಬಗ್ಗೆ ಓದಿಸಿ ಚರ್ಚಿಸಲಾಯಿತು. ಆಮೇಲೆ ಕ್ಯಾಂಪಸ್ಸಿನ ಊಟದ ರಸೀದಿಗಳನ್ನು ನೋಡಿದರೆ ಮೊದಲ ಗುಂಪಿನವರ ಮಾಂಸದ ಖರೀದಿ ಶೇ 52ರಿಂದ 45ಕ್ಕೆ ಇಳಿದಿತ್ತು, ಎರಡನೆಯವರದು ಹಾಗೇ ಇತ್ತು. ಮಾಂಸ ತಿನ್ನುವುದು ಸರಿಯೋ ತಪ್ಪೋ ಎಂಬುದು ಇಲ್ಲಿ ನನ್ನ ವಿಷಯವಲ್ಲ. ಒಂದು ಲೇಖನ, ಒಂದು ಚರ್ಚೆ ಹದಿನೆಂಟು ಇಪ್ಪತ್ತರ ಹುಡುಗರ ತಟ್ಟೆಯವರೆಗೂ ಹೋಯಿತಲ್ಲ, ಅದು ಗಮನಿಸಬೇಕಾದದ್ದು. ವಾದ ಬರಿಯ ಮಾತಾಗಿ ಉಳಿಯಲೇಬೇಕೆಂದಿಲ್ಲ. ಸಂತರನ್ನು ತಯಾರಿಸುವ ಭರವಸೆಯನ್ನಂತೂ ನಾನು ಕೊಡುವುದಿಲ್ಲ.

ಅಧ್ಯಾಪಕ ತನ್ನ ಪಕ್ಷದ ರಾಜಕೀಯವನ್ನು ಹುಡುಗರ ತಲೆಗೆ ತುಂಬಿದರೆ? ತುಂಬಬಹುದು, ಇತಿಹಾಸದ ತರಗತಿಯಲ್ಲೂ ತುಂಬಬಹುದು, ಕನ್ನಡದ ತರಗತಿಯಲ್ಲೂ ತುಂಬಬಹುದು. ತತ್ತ್ವಶಾಸ್ತ್ರಕ್ಕೆ ಇರುವ ಅನುಕೂಲವೆಂದರೆ ಎದುರು ಪಕ್ಷವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಹೇಳದೆ ಅಲ್ಲಿ ಪಾಠವೇ ಮುಗಿಯುವುದಿಲ್ಲ. ಭಾರತದ ಹಳೆಯ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷ ಮಂಡಿಸದೆ ಸಿದ್ಧಾಂತಕ್ಕೆ ಕಾಲಿಡುತ್ತಿರಲಿಲ್ಲ. ಆ ಶಿಸ್ತು ಇಲ್ಲಿಯೇ ಹುಟ್ಟಿ ಇಲ್ಲಿಯೇ ಮರೆತುಹೋಯಿತು. ಹಾರ್ವರ್ಡಿನಲ್ಲಿ 1970-71ರಲ್ಲಿ ನೋಜಿಕ್ ಮತ್ತು ಸಮಾಜವಾದಿ ಮೈಕಲ್ ವಾಲ್ಜರ್ ಒಂದೇ ತರಗತಿಯಲ್ಲಿ ಬಂಡವಾಳಶಾಹಿ ಮತ್ತು ಸಮಾಜವಾದವನ್ನು ಜೊತೆಯಾಗಿ ಬೋಧಿಸಿದರು. ಇಬ್ಬರ ವಾದಗಳೂ ಮುಂದೆ ಒಂದೊಂದು ಪ್ರಸಿದ್ಧ ಪುಸ್ತಕವಾದವು, ಇಬ್ಬರೂ ಪಕ್ಷ ಬದಲಿಸಲಿಲ್ಲ. ನಮ್ಮ ಒಂದು ಕಾಲೇಜಿನಲ್ಲಿ ಎಡ ಬಲದ ಇಬ್ಬರು ಅಧ್ಯಾಪಕರು ಸ್ಟಾಫ್ ರೂಮಿನಲ್ಲಿ ಮಾತು ಬಿಟ್ಟುಕೊಂಡು ಕೂರುವ ಬದಲು ಹೀಗೆ ಒಂದು ಸೆಮಿಸ್ಟರ್ ಜೊತೆಯಲ್ಲಿ ಪಾಠ ಮಾಡಿದರೆ ಅದೇ ಅರ್ಧ ಪಠ್ಯ.

ಕನ್ನಡದಲ್ಲಿ ಇದನ್ನೆಲ್ಲ ಹೇಳಲು ಪದಗಳಿಲ್ಲ ಎಂಬ ಮಾತನ್ನು ಹೆಚ್ಚು ಹೊತ್ತು ಚರ್ಚಿಸಬೇಕಿಲ್ಲ. ‘ರಾಜ್ಯಶಾಸ್ತ್ರ’, ‘ರಾಜ್ಯಾಂಗ ತತ್ತ್ವಗಳು’ ಎಂಬ ಪುಸ್ತಕಗಳನ್ನು ಡಿವಿಜಿ ಬರೆದಿಟ್ಟು ಹೋಗಿದ್ದಾರೆ. ಕಗ್ಗದ ಸಾಲು ಗೋಡೆಗೆ ಬರೆಸುವ ಕಾಲೇಜುಗಳಲ್ಲಿ ಅವುಗಳ ಪ್ರತಿ ಹುಡುಕಿ ನೋಡಿ. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ನಾರಣಪ್ಪನ ಹೆಣದ ಮುಂದೆ ಶಾಸ್ತ್ರ ಮೌನವಾದಾಗ ಪ್ರಾಣೇಶಾಚಾರ್ಯರಿಗೆ ಎದುರಾಗುವ ಇಕ್ಕಟ್ಟು, ರೈಲುಹಳಿಯ ಮೇಲೆ ಐವರೋ ಒಬ್ಬನೋ ಎಂಬ ಆಂಗ್ಲ ಪಠ್ಯಗಳ ಒಗಟಿಗಿಂತ ಎಷ್ಟೋ ದಟ್ಟವಾದದ್ದು. ಅಮರ್ತ್ಯ ಸೇನ್ 2009ರ ತಮ್ಮ ನ್ಯಾಯದ ಕುರಿತ ಪುಸ್ತಕಕ್ಕೆ ನೀತಿ ಮತ್ತು ನ್ಯಾಯ ಎಂಬ ಎರಡು ಪದಗಳ ವ್ಯತ್ಯಾಸವನ್ನೇ ಕೀಲಿಯಾಗಿ ಮಾಡಿಕೊಂಡರು. ಆ ಎರಡೂ ಪದ ನಮ್ಮ ಮನೆಮಾತು. ಕನ್ನಡದ ಸ್ವಂತ ಬೊಕ್ಕಸವೂ ಬರಿದಲ್ಲ. ಹಂಗು ಎಂಬ ಪದ ನೋಡಿ. 2023ರ ಜೂನ್ 11ರಂದು ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಶುರುವಾದಾಗಿನಿಂದ ಬಿಟ್ಟಿ ಭಾಗ್ಯ ಎಂದು ಬೈಯುವವರೂ ಹೊಗಳುವವರೂ ನಿಜವಾಗಿ ಜಗಳವಾಡುತ್ತಿರುವುದು ಒಂದೇ ಪ್ರಶ್ನೆಯ ಮೇಲೆ: ಆ ಟಿಕೆಟ್ಟು ಹಕ್ಕೋ, ಹಂಗೋ? ತೆರಿಗೆ ಕೊಟ್ಟವರ ಹಂಗು ಎಂದರೆ ಪಡೆದವಳು ತಲೆ ತಗ್ಗಿಸಬೇಕು. ಹಕ್ಕು ಎಂದರೆ ಯಾವ ಕಾರಣಕ್ಕೆ ಹಕ್ಕು, ಅದರ ಎಲ್ಲೆ ಯಾವುದು ಎಂದು ಹೇಳಬೇಕು. ಊರೂರಿನ ನ್ಯಾಯಬೆಲೆ ಅಂಗಡಿಯ ಫಲಕದಲ್ಲಿ ನ್ಯಾಯ ಎಂದು ಬರೆದಿದೆ; ಬೆಲೆಗೂ ನ್ಯಾಯವುಂಟೇ ಎಂದು ವಾಣಿಜ್ಯದ ವಿದ್ಯಾರ್ಥಿಯನ್ನು ಕೇಳಿದರೆ ಒಂದು ವಾರದ ಪಾಠ.

ಕೆಲಸ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಈ ಒಂದು ಪತ್ರಿಕೆಯಿಂದ ಸಿಗುವುದಿಲ್ಲ ಎಂದೇ ಉತ್ತರ. ಕಡ್ಡಾಯ ಭಾಷಾ ಪತ್ರಿಕೆಗಳಿಂದಲೂ ಸಿಗುವುದಿಲ್ಲ, ಅವನ್ನು ಬಿಟ್ಟಿಲ್ಲವಲ್ಲ. ನನಗೆ ನಿಜವಾಗಿ ಅಂಜಿಕೆ ಇರುವುದು ಅಧ್ಯಾಪಕರ ಬಗ್ಗೆ. ಸರ್ಕಾರಿ ಪದವಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತಿವೆ, ತತ್ತ್ವಶಾಸ್ತ್ರದ ವಿಭಾಗವಿರುವ ಕಾಲೇಜು ಹುಡುಕಿದರೆ ಸಿಗಬೇಕು. ಮೊದಲ ಕೆಲವು ವರ್ಷ ರಾಜ್ಯಶಾಸ್ತ್ರ, ಕನ್ನಡ, ಸಂಸ್ಕೃತ, ಕಾನೂನು ಓದಿದವರೇ ಇದನ್ನು ಕಲಿಯುತ್ತಾ ಕಲಿಸಬೇಕಾಗುತ್ತದೆ. ಅದು ಕೊರತೆಯೇ ಹೌದು. ಆದರೆ ತಾನೇ ಅನುಮಾನದಲ್ಲಿರುವ ಅಧ್ಯಾಪಕ ಈ ವಿಷಯಕ್ಕೆ ಕೆಟ್ಟ ಅಧ್ಯಾಪಕನಲ್ಲ. ಕೆಡಿಸುವುದು ಪರೀಕ್ಷೆ. ಇದಕ್ಕೂ ಬಹು ಆಯ್ಕೆಯ ಪ್ರಶ್ನೆ, ಇದಕ್ಕೂ ಗೈಡು ಬಂದರೆ ಈ ಪತ್ರಿಕೆ ಇರುವುದಕ್ಕಿಂತ ಇಲ್ಲದಿರುವುದೇ ಮೇಲು. ನಾಲ್ಕು ವರ್ಷದ ಪದವಿಯ ಪ್ರಯೋಗ ಮುಗಿಸಿ 2024-25ರಿಂದ ಕರ್ನಾಟಕ ಮೂರು ವರ್ಷದ ಪದವಿಗೆ ಮರಳಿದೆ, ಪಠ್ಯಕ್ರಮಗಳು ಮತ್ತೆ ಮೇಜಿನ ಮೇಲಿವೆ. ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳು ಮುಂದಿನ ಸಲ ಕೂರುವಾಗ ಮೊದಲ ಸೆಮಿಸ್ಟರಿಗೆ ವಾರಕ್ಕೆ ಮೂರು ಗಂಟೆಯ ಈ ಒಂದು ಪತ್ರಿಕೆ ಸೇರಿಸಲಿ. ಉತ್ತರ ಪತ್ರಿಕೆಯ ಬದಲು ವಿದ್ಯಾರ್ಥಿಯ ಕೈಯಿಂದ ಮೂರು ಪ್ರಬಂಧ ಬರೆಸಲಿ, ಅವನ್ನು ಓದಿ ಅಂಚಿನಲ್ಲಿ ಪ್ರಶ್ನೆ ಬರೆದು ಹಿಂದಿರುಗಿಸುವುದಕ್ಕೆ ಅಧ್ಯಾಪಕರಿಗೆ ಸಮಯವನ್ನೂ ಸಂಬಳವನ್ನೂ ಕೊಡಲಿ.